ಹಾಗಲಕಾಯಿ ರಸ ಮತ್ತು ಸಕ್ಕರೆ ಮಾತ್ರೆ: ಎರಡು ಪದ್ಧತಿಯ ಚಿಕಿತ್ಸೆಯನ್ನು ಜೊತೆಗೆ ನಡೆಸುವ ಬಗೆ

ಬೆಳಗಿನ ಐದೂವರೆಗೆ ಅಡುಗೆಮನೆಯಲ್ಲಿ ಲೋಟ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಅತ್ತೆ ಕಟ್ಟೆಗೆ ಒರಗಿ ನಿಂತಿದ್ದರು. ರವಿಕೆಯ ಬೆನ್ನು ಬೆವರಿನಿಂದ ಒದ್ದೆ, ಕೈ ನಡುಕ, ಮಾತು ತೊದಲು. ಗ್ಲುಕೋಮೀಟರ್ 52 ತೋರಿಸಿತು. ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದಾಗ 88. ಸಕ್ಕರೆ ಕಾಯಿಲೆಗೆ ಎಂಟು ವರ್ಷದಿಂದ ಅದೇ ಮಾತ್ರೆ, ಊಟವೂ ಅದೇ. ಹೊಸದೆಂದರೆ ನೆರೆಮನೆಯವರು ಹೇಳಿಕೊಟ್ಟ ಹಾಗಲಕಾಯಿ ರಸ ಬೆಳಿಗ್ಗೆ, ಮಧುನಾಶಿನಿ ಪುಡಿ ರಾತ್ರಿ. ಎರಡು ವಾರದಿಂದ ನಡೆದಿತ್ತಂತೆ. "ಡಾಕ್ಟರಿಗೆ ಒಂದು ಮಾತು ಹೇಳಬಾರದಿತ್ತೇ ಅತ್ತೆ?" ಎಂದರೆ, "ಅದೇನು ಔಷಧಿಯೇನೇ? ತರಕಾರಿ" ಎಂದರು.

ತಪ್ಪು ಹಾಗಲಕಾಯಿಯದಲ್ಲ. ಸಕ್ಕರೆ ಇಳಿಸುವ ಗುಣ ಅದಕ್ಕೂ ಇದೆ, ಮಧುನಾಶಿನಿಗೂ ಇದೆ, ಮಾತ್ರೆಗೂ ಇದೆ. ಮೂರೂ ಸೇರಿ ತಮ್ಮ ಕೆಲಸ ಮಾಡಿದವು, ಅಷ್ಟೆ. ಮಾತ್ರೆ ಬರೆದವರಿಗೆ ಉಳಿದ ಎರಡರ ಸುದ್ದಿ ಗೊತ್ತಿರಲಿಲ್ಲ. ಅವರು ಕೇಳಿರಲಿಲ್ಲ, ಇವರು ಹೇಳಿರಲಿಲ್ಲ.

ನಾನು ಡಾಕ್ಟರಲ್ಲ. ಮನೆಯ ಮೂವರು ಹಿರಿಯರ ಮಾತ್ರೆ ಡಬ್ಬಿ ನೋಡಿಕೊಳ್ಳುವವಳು. ಇಂಗ್ಲಿಷ್ ಮದ್ದು ಬಿಟ್ಟು ಬೇರೇನೂ ಮುಟ್ಟಬೇಡಿ ಎಂದು ನಮ್ಮ ಮನೆಗಳಲ್ಲಿ ಯಾರು ಹೇಳಿದರೂ ನಡೆಯುವುದಿಲ್ಲ; ಕದ್ದು ಕುಡಿಯುತ್ತಾರೆ. ಅದಕ್ಕಿಂತ ಎಲ್ಲವನ್ನೂ ಬೆಳಕಿಗೆ ತಂದು, ಕ್ರಮವಾಗಿ ಜೊತೆಗೆ ನಡೆಸುವುದು ಮೇಲು. ನಾವು ಮಾಡಿಕೊಂಡ ಕ್ರಮ ಇದು.

ಹೆಜ್ಜೆ 1: ಕಾಯಲಾಗದ ಕಾಯಿಲೆಗಳನ್ನು ಮೊದಲು ಬೇರೆ ಮಾಡಿ

ಕೆಲವು ಕಾಯಿಲೆಗಳಲ್ಲಿ ಎರಡು ಪದ್ಧತಿಯನ್ನು ಸೇರಿಸುವ ಮಾತು ಮೊದಲ ದಿನ ಬರಲೇಬಾರದು.

ಲಕ್ವ ಹೊಡೆದಾಗ ನಮ್ಮ ಕಡೆ ಕಾರು ನೇರವಾಗಿ ನಾಟಿ ಮದ್ದು ಕೊಡುವ ಊರಿಗೆ ಹೋಗುತ್ತದೆ. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ಇದೆ. ಅದನ್ನು ಕೊಡಲು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ರೋಗಿ ಸ್ಕ್ಯಾನ್ ಇರುವ ಆಸ್ಪತ್ರೆಯಲ್ಲಿರಬೇಕು. ಆ ಹೊತ್ತು ಎಣ್ಣೆ ಹಚ್ಚಿಸಿಕೊಳ್ಳುವ ಸಾಲಿನಲ್ಲಿ ಕಳೆದುಹೋದರೆ ಮತ್ತೆ ಸಿಗುವುದಿಲ್ಲ. ಎಣ್ಣೆ ಎಲ್ಲಿಗೂ ಓಡಿಹೋಗುವುದಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಡಾಕ್ಟರನ್ನು ಕೇಳಿ, ಫಿಸಿಯೋಥೆರಪಿಯ ಜೊತೆಗೆ ಹಚ್ಚಬಹುದು.

ಹಾವು ಕಚ್ಚಿದರೆ ವಿಷನಿರೋಧಕ ಚುಚ್ಚುಮದ್ದು ಬಿಟ್ಟರೆ ಬೇರೆ ಮದ್ದಿಲ್ಲ. ಹಾವಿನ ವಿಷಕ್ಕೆಂದು ಕೊಡುವ ಈಶ್ವರಿ ಬೇರಿನಲ್ಲಿ ಅರಿಸ್ಟೊಲೋಕಿಕ್ ಆಮ್ಲವಿರುತ್ತದೆ, ಅದು ಮೂತ್ರಪಿಂಡವನ್ನೇ ಕೆಡಿಸುತ್ತದೆ. ನಾಯಿ ಕಚ್ಚಿದರೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅದೇ ದಿನ ಲಸಿಕೆ. ಎದೆನೋವು ಬಂದರೆ 108. ಸರ್ಪಸುತ್ತಿಗೆ ಕೆಮ್ಮಣ್ಣು ಬಳಿಸಿಕೊಂಡು ಬರುವವರನ್ನು ನೋಡಿದ್ದೇನೆ. ಅದು ವೈರಸ್, ಅದರ ಮಾತ್ರೆ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲ ಕೊಡುತ್ತದೆ. ಗುಳ್ಳೆ ಕಣ್ಣಿನ ಹತ್ತಿರ ಎದ್ದರೆ ಮರುದಿನದವರೆಗೂ ಕಾಯಬಾರದು.

ಕಾಮಾಲೆಯದು ಬೇರೆ ಕಥೆ. ಕಲುಷಿತ ನೀರಿನಿಂದ ಬರುವ ಕಾಮಾಲೆ ಬಹುಪಾಲು ಜನರಲ್ಲಿ ತಾನಾಗಿಯೇ ಇಳಿಯುತ್ತದೆ, ವಾಸಿ ಮಾಡಿದ ಕೀರ್ತಿ ಮಾತ್ರ ನಾಟಿ ಸೊಪ್ಪಿಗೆ ಹೋಗುತ್ತದೆ. ಆದರೆ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ ಕಣ್ಣು ಹಳದಿಯೇ, ಗಡ್ಡೆ ಅಡ್ಡ ಬಂದರೂ ಹಳದಿಯೇ. ರಕ್ತ ಪರೀಕ್ಷೆ, ಹೊಟ್ಟೆಯ ಸ್ಕ್ಯಾನ್ ಮೊದಲು. ಪಥ್ಯದ ಚರ್ಚೆ ಆಮೇಲೆ.

ಕ್ಯಾನ್ಸರ್ ವಿಷಯದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರ ಎರಡು ಅಧ್ಯಯನಗಳನ್ನು ನೆನಪಿಡಬೇಕು. ಗುಣಪಡಿಸಬಹುದಾದ ಹಂತದ ಕ್ಯಾನ್ಸರ್ ಇದ್ದೂ ಪರ್ಯಾಯ ಔಷಧವನ್ನಷ್ಟೇ ನಂಬಿದ 281 ಜನರಲ್ಲಿ ಸಾವಿನ ಅಪಾಯ, ಆಸ್ಪತ್ರೆಯ ಚಿಕಿತ್ಸೆ ಪಡೆದವರಿಗಿಂತ ಎರಡೂವರೆ ಪಟ್ಟು ಹೆಚ್ಚಿತ್ತು. 2018ರಲ್ಲಿ ಬಂದ ಇನ್ನೊಂದು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು: ಎರಡನ್ನೂ ಜೊತೆಗೆ ತೆಗೆದುಕೊಂಡವರಲ್ಲೂ ಅಪಾಯ ಎರಡು ಪಟ್ಟಿತ್ತು. ಕಾರಣ ಆ ಔಷಧಗಳ ವಿಷವಲ್ಲ. ಅವರಲ್ಲಿ ಹಲವರು ಮುಂದೆ ಶಸ್ತ್ರಚಿಕಿತ್ಸೆಯನ್ನೋ ಕೀಮೋವನ್ನೋ ಬೇಡವೆಂದಿದ್ದರು. 'ಜೊತೆಗೆ' ಎಂದು ಶುರುವಾದದ್ದು ಸದ್ದಿಲ್ಲದೆ 'ಬದಲಿಗೆ' ಆಗುವುದು ಹೀಗೆ. ಒಂದು ವಾರ ಮಾತ್ರೆ ಬಿಟ್ಟು ನೋಡೋಣ ಎಂಬ ಮಾತು ಮನೆಯಲ್ಲಿ ಕೇಳಿಸಿತೆಂದರೆ ಆ ಜಾರುವಿಕೆ ಆಗಲೇ ಶುರುವಾಗಿದೆ.

ಹೆಜ್ಜೆ 2: ಎಲ್ಲವನ್ನೂ ಮೇಜಿನ ಮೇಲೆ ಸುರಿದು ಚೀಟಿ ಮಾಡಿ

ಅಂದು ಸಂಜೆ ನಾನು ಮಾಡಿದ್ದು ಇಷ್ಟೇ. ದೇವರ ಮನೆಯ ಗೂಡು, ಫ್ರಿಜ್ಜಿನ ಬಾಗಿಲು, ದಿಂಬಿನ ಕೆಳಗೆ, ಎಲ್ಲ ಕಡೆಯಿಂದ ತಂದು ಊಟದ ಮೇಜಿಗೆ ಸುರಿದೆ. ಮಾತ್ರೆ ಐದು ಬಗೆ. ಉಳಿದದ್ದು ಒಂಬತ್ತು ಬಗೆ. ಕಷಾಯದ ಪುಡಿ, ಲೇಹ್ಯ, ಮಂಡಿಗೆ ತೈಲ, ಹೋಮಿಯೋಪತಿ ಗುಳಿಗೆ, ಇಸಬಗೋಲು, ವಿಟಮಿನ್, ಯಾರೋ ಯಾತ್ರೆಯಿಂದ ತಂದ ಹೆಸರಿಲ್ಲದ ಕಪ್ಪು ಉಂಡೆ. ನೋವಿಗೆಂದು ಅಂಗಡಿಯಿಂದ ತಾವೇ ತಂದ ಮಾತ್ರೆಯನ್ನೂ ಮರೆಯಬೇಡಿ, ಬಿ.ಪಿ. ಮತ್ತು ಮೂತ್ರಪಿಂಡದ ತೊಂದರೆ ಇದ್ದವರಿಗೆ ಕೆಲವು ಸಲ ಅದೇ ಸೊಪ್ಪಿಗಿಂತ ದೊಡ್ಡ ಖಳನಾಯಕ.

ಚೀಟಿಯ ಸಾಲು ಹೀಗಿರಲಿ:

ಗ್ಲಿಮೆಪಿರೈಡ್, 2 ಮಿ.ಗ್ರಾಂ, ಬೆಳಿಗ್ಗೆ ತಿಂಡಿಗೆ ಮುಂಚೆ, 8 ವರ್ಷದಿಂದ, ಡಾಕ್ಟರು ಬರೆದದ್ದು.
ಹಾಗಲಕಾಯಿ ರಸ, 150 ಮಿ.ಲೀ., ಬೆಳಿಗ್ಗೆ ಖಾಲಿ ಹೊಟ್ಟೆಗೆ, 14 ದಿನದಿಂದ, ನೆರೆಮನೆಯವರು ಹೇಳಿದ್ದು.

ಅಳತೆಯನ್ನು ಬಾಯಿಮಾತಿನಲ್ಲಿ ಬರೆದುಕೊಳ್ಳಬೇಡಿ. ಅತ್ತೆ "ಸ್ವಲ್ಪ" ಎಂದರು. ಅವರು ಕುಡಿಯುವ ಲೋಟಕ್ಕೆ ನೀರು ತುಂಬಿ ಮಗುವಿನ ಹಾಲಿನ ಬಾಟಲಿಗೆ ಸುರಿದು ನೋಡಿದಾಗ 150 ಬಂತು. ಕೊನೆಯ ಅಂಕಣ, ಅಂದರೆ ಹೇಳಿದವರು ಯಾರು ಎಂಬುದು, ಬಲು ಉಪಯೋಗಿ. ಅದನ್ನು ತುಂಬುವಾಗಲೇ ನಮ್ಮ ಮನೆಯ ನಾಲ್ಕು ಪೊಟ್ಟಣ ಕಸದ ಬುಟ್ಟಿಗೆ ಹೋದವು.

ಹೆಜ್ಜೆ 3: ಮೂರು ರಾಶಿ

ಮೊದಲ ರಾಶಿ, ಹೊಟ್ಟೆಗೆ ಹೋಗದಿರುವುದು: ಯೋಗಾಸನ, ಪ್ರಾಣಾಯಾಮ, ಧ್ಯಾನ, ಎಣ್ಣೆ ತಿಕ್ಕುವುದು, ಸಂಗೀತ, ಆಕ್ಯುಪ್ರೆಶರ್. ಮಾತ್ರೆಯೊಂದಿಗೆ ಜಗಳ ತೀರಾ ಕಡಿಮೆ, ಲಾಭವೂ ಉಂಟು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಮಗ್ರ ವೈದ್ಯಕೀಯಕ್ಕೆಂದೇ ಒಂದು ವಿಭಾಗವಿದೆ. ಮನೋರೋಗದ ಮಾತ್ರೆ ನಿಲ್ಲಿಸದೆ ಅದರ ಜೊತೆಗೆ ಯೋಗ ಕಲಿಸುತ್ತಾರೆ. ಕೀಮೋದ ವಾಕರಿಕೆಗೆ ಮಣಿಕಟ್ಟಿನ ಒಳಬದಿಯ ಬಿಂದುವನ್ನು ಒತ್ತುವ ಉಪಾಯಕ್ಕೂ ಆಧಾರವಿದೆ: ಅಂಗೈ ಬುಡದ ಗೆರೆಯಿಂದ ಮೊಳಕೈಯ ಕಡೆಗೆ ಮೂರು ಬೆರಳಿನ ಅಗಲ ಬಿಟ್ಟು, ಎರಡು ಸ್ನಾಯುರಜ್ಜುಗಳ (ಗಟ್ಟಿ ಹುರಿಗಳ) ನಡುವೆ ಹೆಬ್ಬೆರಳಿನಿಂದ ಒಂದೆರಡು ನಿಮಿಷ ಒತ್ತುವುದು. ವಾಂತಿಯ ಮಾತ್ರೆ ಬಿಡುವುದಕ್ಕಲ್ಲ, ಅದರ ಬೆನ್ನಿಗೆ.

ಇಲ್ಲೂ ಎಚ್ಚರ ಬೇಕು. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇದ್ದವರಿಗೆ ಶೀರ್ಷಾಸನ ಬೇಡ. ಬಿ.ಪಿ. ಹಿಡಿತಕ್ಕೆ ಬಾರದವರಿಗೆ ಕಪಾಲಭಾತಿ, ಭಸ್ತ್ರಿಕಾ ಬೇಡ. ಮೂಳೆ ಸವೆದವರು ನಡು ಬಗ್ಗಿಸಿ ಕಾಲ್ಬೆರಳು ಮುಟ್ಟಲು ಹೋಗಬಾರದು. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯುತ್ತಿದ್ದರೆ ತಿಕ್ಕಲೇಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದು ಜಾರಿ ಶ್ವಾಸಕೋಶಕ್ಕೆ ಹೋಗಬಹುದು.

ಎರಡನೆಯದು ಅಡುಗೆಯ ಅಳತೆ. ಸಾರಿಗೆ ಚಿಟಿಕೆ ಅರಿಶಿನ, ಒಗ್ಗರಣೆಗೆ ಮೆಂತ್ಯ, ಶುಂಠಿ ಕಾಫಿ. ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಮೂರನೆಯದು ಔಷಧದ ಅಳತೆ: ಚೂರ್ಣ, ಕಷಾಯ, ಭಸ್ಮ, ಸತ್ವದ ಕ್ಯಾಪ್ಸೂಲ್, ಲೋಟಗಟ್ಟಲೆ ರಸ. ಎರಡಕ್ಕೂ ಇರುವ ಅಂತರ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಅರಿಶಿನ ಪುಡಿಯಲ್ಲಿ ಕುರ್ಕುಮಿನ್ ಇರುವುದು ಶೇಕಡ 3ರ ಆಸುಪಾಸು. 500 ಮಿ.ಗ್ರಾಂ ಕುರ್ಕುಮಿನ್ ಕ್ಯಾಪ್ಸೂಲ್ ಒಂದನ್ನು ನುಂಗಿದರೆ ಐದಾರು ಚಮಚ ಅರಿಶಿನ ತಿಂದ ಹಾಗೆ. ಅದಕ್ಕೆ ಕಾಳುಮೆಣಸಿನ ಸತ್ವ ಸೇರಿಸಿ ಮಾರುತ್ತಾರೆ. ಕಾಳುಮೆಣಸಿನ ಪಿಪರಿನ್ ಜೊತೆಗಿದ್ದರೆ ಕುರ್ಕುಮಿನ್ ರಕ್ತಕ್ಕೆ ಸೇರುವುದು ಸುಮಾರು ಇಪ್ಪತ್ತು ಪಟ್ಟು ಹೆಚ್ಚುತ್ತದೆಂದು 1998ರಲ್ಲಿ ತೋರಿಸಿದವರು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೇ. ಅದೇ ಪಿಪರಿನ್ ಕೆಲವು ಮಾತ್ರೆಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸುತ್ತದೆ. ಇನ್ನು ಅದು ಬರೀ ಅರಿಶಿನ ಅಲ್ಲ.

ಹೆಜ್ಜೆ 4: ಮೂರನೆಯ ರಾಶಿಯನ್ನು ಮಾತ್ರೆಗಳ ಪಕ್ಕ ಇಟ್ಟು ನೋಡಿ

ಸೊಪ್ಪಿನಲ್ಲಿ ಏನಿದೆ ಎನ್ನುವವರಿಗೂ, ಸೊಪ್ಪಿನಿಂದ ಏನಾಗುತ್ತದೆ ಎನ್ನುವವರಿಗೂ ಸರ್ಪಗಂಧ ಒಂದೇ ಉತ್ತರ. ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಅದು ರಕ್ತದೊತ್ತಡ ಇಳಿಸುತ್ತದೆಂದು ಲೋಕಕ್ಕೆ ತೋರಿಸಿದರು. ಅದರಿಂದ ರಿಸರ್ಪಿನ್ ಮಾತ್ರೆ ಬಂತು. ಅದೇ ಮಾತ್ರೆ ಕೆಲವರನ್ನು ಖಿನ್ನತೆಗೂ ತಳ್ಳಿತು. ಕೆಲಸ ಮಾಡುವ ಯಾವುದಕ್ಕೂ ಅಡ್ಡ ಪರಿಣಾಮ ಇದ್ದೇ ಇರುತ್ತದೆ.

ಸಕ್ಕರೆ ಮಾತ್ರೆ, ಇನ್ಸುಲಿನ್: ಹಾಗಲಕಾಯಿ ರಸ, ಮಧುನಾಶಿನಿ, ಹೆಚ್ಚು ಪ್ರಮಾಣದ ಮೆಂತ್ಯ ಸೇರಿದರೆ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಗ್ಲಿಮೆಪಿರೈಡ್ ತರಹದ ಮಾತ್ರೆ ಮತ್ತು ಇನ್ಸುಲಿನ್ ಇದ್ದವರಿಗೆ ಅಪಾಯ ಹೆಚ್ಚು. ಬರೀ ಮೆಟ್‌ಫಾರ್ಮಿನ್ ಇದ್ದವರಿಗೆ ಕಡಿಮೆ.

ರಕ್ತ ತೆಳುವಾಗಿಸುವ ವಾರ್ಫರಿನ್: ಹೃದಯದ ಕವಾಟ ಬದಲಾಯಿಸಿಕೊಂಡ ಹಲವರ ಮನೆಯಲ್ಲಿ ಇದು ಇರುತ್ತದೆ. ಬೆಳ್ಳುಳ್ಳಿ ಸತ್ವ, ಕುರ್ಕುಮಿನ್ ಕ್ಯಾಪ್ಸೂಲ್, ಗಿಂಕೊ ಎಂಬ ವಿದೇಶಿ ಮೂಲಿಕೆ ಸೇರಿದರೆ ರಕ್ತಸ್ರಾವದ ಭಯ. ಹರಿವೆ, ಪಾಲಕ್, ನುಗ್ಗೆಸೊಪ್ಪಿನ ವಿಟಮಿನ್ ಕೆ ಇದಕ್ಕೆ ತದ್ವಿರುದ್ಧ, ಮಾತ್ರೆಯ ಬಲ ಕುಗ್ಗಿಸುತ್ತದೆ. ಹಾಗೆಂದು ಸೊಪ್ಪು ಬಿಡಬೇಕಾಗಿಲ್ಲ. ಒಂದು ವಾರ ದಿನವೂ ಸೊಪ್ಪಿನ ಪಲ್ಯ, ಮರುವಾರ ಒಂದೆಲೆಯೂ ಇಲ್ಲ ಎಂಬ ಏರುಪೇರು ಬೇಡ, ಅಷ್ಟೆ.

ಬಿ.ಪಿ., ಹೃದಯ: ಕೆಮ್ಮಿಗೆಂದು ಜೇಷ್ಠಮಧು ದಿನವೂ ಚೀಪುವವರಿದ್ದಾರೆ. ಅದು ಬಿ.ಪಿ. ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ನೀರಿಳಿಸುವ ಮಾತ್ರೆ ಅಥವಾ ಡಿಗಾಕ್ಸಿನ್ ತೆಗೆದುಕೊಳ್ಳುವವರ ಹೃದಯದ ಬಡಿತವೇ ತಪ್ಪಬಹುದು.

ಥೈರಾಯ್ಡ್: ಮಾತ್ರೆ ಖಾಲಿ ಹೊಟ್ಟೆಗೆ, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಇಸಬಗೋಲು ಯಾವ ಮಾತ್ರೆಯನ್ನಾದರೂ ತನ್ನೊಳಗೆ ಹಿಡಿದುಕೊಳ್ಳಬಹುದು, ಎರಡು ಗಂಟೆ ದೂರವಿಡಿ.

ಮೂರ್ಛೆರೋಗ: ನೆನಪಿನ ಶಕ್ತಿಗೆಂದು ಮಕ್ಕಳಿಗೆ ಕೊಡುವ ಶಂಖಪುಷ್ಪಿ ಸಿರಪ್ಪು ಫೆನಿಟಾಯಿನ್ ಮಾತ್ರೆಯ ಪ್ರಮಾಣವನ್ನು ರಕ್ತದಲ್ಲಿ ಇಳಿಸಿ, ಹಿಡಿತದಲ್ಲಿದ್ದ ಫಿಟ್ಸ್ ಮತ್ತೆ ಬಂದದ್ದನ್ನು 1992ರಲ್ಲೇ ವೈದ್ಯರು ವರದಿ ಮಾಡಿದ್ದಾರೆ.

ಮೂತ್ರಪಿಂಡ: ಕರಾವಳಿಯವರು ಗಮನಿಸಿ. ಕೊಲೆಸ್ಟ್ರಾಲ್ ಇಳಿಯುತ್ತದೆಂದು ಬಿಂಬುಳಿ ರಸ ಕುಡಿದು ಮೂತ್ರಪಿಂಡ ಕೈಕೊಟ್ಟ ಹತ್ತು ರೋಗಿಗಳ ವರದಿ ಕೇರಳದಿಂದ ಬಂದಿದೆ. ಏಳು ಜನರಿಗೆ ಡಯಾಲಿಸಿಸ್ ಬೇಕಾಯಿತು. ಅದರಲ್ಲಿರುವ ಆಕ್ಸಲೇಟ್ ಇದಕ್ಕೆ ಕಾರಣ. ಉಪ್ಪಿನಕಾಯಿಯ ಹೋಳಿಗೂ ಲೋಟದ ರಸಕ್ಕೂ ಇರುವ ವ್ಯತ್ಯಾಸ ಮತ್ತೆ ಇಲ್ಲಿದೆ. ಮೂತ್ರಪಿಂಡ ಸೋತವರಿಗೆ ಧಾರೆಹುಳಿ (ಸ್ಟಾರ್ ಫ್ರೂಟ್) ವಿಷಕ್ಕೆ ಸಮ, ಎಳನೀರಿನ ಪೊಟ್ಯಾಸಿಯಂ ಕೂಡ ಅಪಾಯವೇ.

ಅಮೃತಬಳ್ಳಿ: ಕೊರೋನಾ ಕಾಲದಲ್ಲಿ ಪ್ರತಿ ಮನೆಯ ಕಾಂಪೌಂಡಿಗೂ ಹಬ್ಬಿತು. 2021ರಲ್ಲಿ ಮುಂಬಯಿಯ ವೈದ್ಯರು ಅದನ್ನು ಸೇವಿಸಿದವರಲ್ಲಿ ಯಕೃತ್ತಿಗೆ ಆದ ಹಾನಿಯನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಅದನ್ನೇ ಹೋಲುವ ಬೇರೆ ಜಾತಿಯ ಬಳ್ಳಿ ಇರಬಹುದು ಎಂದಿತು. ಯಾರು ಸರಿಯಾದರೂ ನಮಗೆ ಸಿಗುವ ಬುದ್ಧಿ ಒಂದೇ: ಬೇಲಿಯಲ್ಲಿ ಕಂಡ ಬಳ್ಳಿಯನ್ನು ಹೆಸರು ಗ್ಯಾರಂಟಿ ಇಲ್ಲದೆ ಕುದಿಸಬೇಡಿ. ಅಂಗ ಕಸಿ ಮಾಡಿಸಿಕೊಂಡವರು ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಎನ್ನುವ ಯಾವುದನ್ನೂ ಮುಟ್ಟಬಾರದು. ಆ ಶಕ್ತಿಯನ್ನು ತಗ್ಗಿಸಲೆಂದೇ ಅವರಿಗೆ ಮಾತ್ರೆ ಕೊಟ್ಟಿರುತ್ತಾರೆ.

ಹೆಜ್ಜೆ 5: ಇಬ್ಬರು ವೈದ್ಯರಿಗೂ ಒಂದೇ ಚೀಟಿ

"ಬೈದರೆ?" ಎಂಬುದು ಎಲ್ಲರ ಭಯ. ಬೈಯುವವರು ಇದ್ದಾರೆ, ನಾನೂ ಬೈಸಿಕೊಂಡಿದ್ದೇನೆ. ಆಯುರ್ವೇದ ಒಳ್ಳೆಯದಲ್ಲವೇ ಎಂದು ಕೇಳಿದರೆ ವಾದ ಶುರುವಾಗುತ್ತದೆ. ಚೀಟಿ ಮುಂದಿಟ್ಟು, "ಇವರು ಇದನ್ನು 14 ದಿನದಿಂದ ತೆಗೆದುಕೊಳ್ಳುತ್ತಿದ್ದಾರೆ. ಇದರಿಂದ ಮಾತ್ರೆಯ ಪ್ರಮಾಣ ಬದಲಿಸಬೇಕೇ? ಯಾವ ಪರೀಕ್ಷೆ, ಯಾವಾಗ ಮಾಡಿಸಲಿ? ಏನಾದರೆ ನಿಲ್ಲಿಸಲಿ?" ಎಂದು ಕೇಳಿದರೆ ಉತ್ತರ ಬರುತ್ತದೆ. ಮೂರೇ ಪ್ರಶ್ನೆ, ಎರಡು ನಿಮಿಷ.

ಆಯುರ್ವೇದ ವೈದ್ಯರ ಬಳಿಯೂ ಇದೇ ಚೀಟಿ, ಜೊತೆಗೆ ಇತ್ತೀಚಿನ ರಕ್ತ ಪರೀಕ್ಷೆಯ ವರದಿ. ಆಯುರ್ವೇದದ ಪದವಿ ಬಿ.ಎ.ಎಂ.ಎಸ್. ಓದಿ ನೋಂದಣಿ ಮಾಡಿಸಿಕೊಂಡವರು ಮೂತ್ರಪಿಂಡದ ಕ್ರಿಯಾಟಿನಿನ್ ಪರೀಕ್ಷೆ ಏನು, ಯಕೃತ್ತಿನ ಪರೀಕ್ಷೆ ಏನು ಎಂದು ಬಲ್ಲವರೇ. ಮಾತ್ರೆಗಳನ್ನೆಲ್ಲ ಇವತ್ತೇ ಬಿಡಿ ಎಂದು ಮೊದಲ ಭೇಟಿಯಲ್ಲೇ ಹೇಳುವವರು ಸಿಕ್ಕರೆ ಚಪ್ಪಲಿ ಮೆಟ್ಟಿಕೊಂಡು ಹೊರಡಿ. ಮಾತ್ರೆ ಕಡಿಮೆ ಮಾಡುವ ಅಧಿಕಾರ ಅದನ್ನು ಬರೆದವರದು.

ಎರಡೂ ಕಡೆಯವರು ಒಂದೇ ಸೂರಿನಡಿ ಕೂತರೆ ಏನಾಗುತ್ತದೆ ಎನ್ನುವುದಕ್ಕೆ ಗಡಿನಾಡು ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಒಳ್ಳೆಯ ಉದಾಹರಣೆ. ಅಲ್ಲಿ ಆನೆಕಾಲು ರೋಗದವರ ಕಾಲನ್ನು ಸೋಪಿನಿಂದ ತೊಳೆದು, ಆಯುರ್ವೇದದ ಮೂಲಿಕೆ ನೀರಿನಲ್ಲಿ ನೆನೆಸಿ, ಯೋಗದ ಚಲನೆ ಮತ್ತು ಎಣ್ಣೆ ಮಾಲೀಸು ಮಾಡಿಸಿ, ಮೇಲೆ ಬಿಗಿ ಪಟ್ಟಿ ಸುತ್ತುತ್ತಾರೆ. ಸೋಂಕಿಗೆ ಬೇಕಾದಾಗ ಆಧುನಿಕ ಔಷಧವನ್ನೇ ಕೊಡುತ್ತಾರೆ. ಯಾವ ಕೆಲಸಕ್ಕೆ ಯಾವುದು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ.

ಹೆಜ್ಜೆ 6: ಡಬ್ಬಿಯ ಬೆನ್ನು ಓದಿ

ತಯಾರಿಕೆಯ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಾದ ದಿನ, ಒಳಗಿರುವ ಮೂಲಿಕೆಗಳ ಹೆಸರು, ಇಷ್ಟಿಲ್ಲದ ಡಬ್ಬಿ ಮನೆಗೆ ಬೇಡ. ವೈದ್ಯರ ನಿಗಾದಲ್ಲೇ ಸೇವಿಸಬೇಕು ಎಂಬ ಎಚ್ಚರಿಕೆ ಇದ್ದರೆ ಒಳಗೆ ಕಾನೂನು ವಿಷದ್ರವ್ಯವೆಂದು ಪಟ್ಟಿ ಮಾಡಿದ ವಸ್ತು ಇದೆ ಎಂದರ್ಥ. ಅಂಥದ್ದನ್ನು ನೆಂಟರ ಮಾತಿಗೆ ತಿನ್ನಬಾರದು. 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಲಿನ ಅಂಗಡಿಗಳಿಂದ ಕೊಂಡು ಪರೀಕ್ಷಿಸಿದ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಊರಿನಿಂದ ಮಕ್ಕಳಿಗೆ ಪೊಟ್ಟಣ ಕಟ್ಟಿ ವಿದೇಶಕ್ಕೆ ಕಳಿಸುವವರು ಇದನ್ನು ನೆನಪಿಡಿ.

ಹೆಸರಿಲ್ಲದ ಮಂಡಿನೋವಿನ ಪುಡಿ ಎರಡೇ ದಿನಕ್ಕೆ ಪವಾಡ ಮಾಡಿತೆಂದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರುವ ಅನುಮಾನ ಪಡಿ. ಮುಖ ಊದಿಕೊಳ್ಳುತ್ತದೆ, ಸಕ್ಕರೆ ಏರುತ್ತದೆ. ತಿಂಗಳುಗಟ್ಟಲೆ ತಿಂದಿದ್ದರೆ ತಟ್ಟನೆ ನಿಲ್ಲಿಸುವುದೂ ಅಪಾಯ. ಪುಡಿಯ ಸಮೇತ ಡಾಕ್ಟರ ಬಳಿ ಹೋಗಬೇಕು. ಸಕ್ಕರೆ ಕಾಯಿಲೆ, ಕ್ಯಾನ್ಸರ್ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾನೂನೇ ನಿಷೇಧಿಸಿದೆ. ಜಾಹೀರಾತು ಎಷ್ಟು ದೊಡ್ಡದೋ ಅನುಮಾನ ಅಷ್ಟು ದೊಡ್ಡದಿರಲಿ.

ಹೆಜ್ಜೆ 7: ಒಂದು ಸಲಕ್ಕೆ ಒಂದೇ

ಒಂದೇ ವಾರದಲ್ಲಿ ಕಷಾಯ, ಲೇಹ್ಯ, ಹೊಸ ಮಾತ್ರೆ ಮೂರನ್ನೂ ಶುರು ಮಾಡಿದರೆ ಮೈ ತುರಿಸಿದಾಗ ಯಾವುದನ್ನು ದೂರುತ್ತೀರಿ? ಒಂದನ್ನು ಆರಿಸಿ. ಶುರು ಮಾಡುವ ಮುಂಚೆ ಬಿ.ಪಿ., ಸಕ್ಕರೆ, ಯಕೃತ್ತು ಮತ್ತು ಮೂತ್ರಪಿಂಡದ ಪರೀಕ್ಷೆಯ ಅಂಕಿ ಬರೆದಿಡಿ. ಕ್ಯಾಲೆಂಡರಿನಲ್ಲಿ ದಿನಾಂಕಕ್ಕೆ ಸುತ್ತು ಹಾಕಿ. ಮೊದಲ ಎರಡು ವಾರ ಸಕ್ಕರೆಯನ್ನು ದಿನಕ್ಕೆರಡು ಸಲ ನೋಡಿ. ಎಚ್‌ಬಿಎ1ಸಿ ಎಂಬ ರಕ್ತ ಪರೀಕ್ಷೆ ಹೇಳುವುದು ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ, ಆದ್ದರಿಂದ ಹದಿನೈದು ದಿನಕ್ಕೇ ಅದನ್ನು ಮಾಡಿಸಿ ಗೆದ್ದೆವು ಎನ್ನಬೇಡಿ.

ಹೆಜ್ಜೆ 8: ಶಸ್ತ್ರಚಿಕಿತ್ಸೆ, ಕೀಮೋ ಮತ್ತು ನಿಲ್ಲಿಸುವ ಗುರುತುಗಳು

ಶಸ್ತ್ರಚಿಕಿತ್ಸೆಯ ದಿನ ಗೊತ್ತಾದ ಕೂಡಲೇ ಅರಿವಳಿಕೆ ತಜ್ಞರಿಗೆ ಚೀಟಿ ತೋರಿಸಿ. ಮೂಲಿಕೆಯ ಔಷಧಗಳನ್ನು ಸಾಮಾನ್ಯವಾಗಿ ಎರಡು ವಾರ ಮುಂಚೆಯೇ ನಿಲ್ಲಿಸಲು ಹೇಳುತ್ತಾರೆ. ಕೀಮೋ ನಡೆಯುವಾಗ ಬಿಳಿ ರಕ್ತಕಣ ಕುಸಿದಿರುತ್ತದೆ. ಹಸಿ ಸೊಪ್ಪಿನ ರಸ, ಗೋಧಿಹುಲ್ಲಿನ ರಸ ಒಳ್ಳೆಯದೆಂದು ಬರುವವರು ತಮಗರಿವಿಲ್ಲದೆ ಸೋಂಕನ್ನೂ ಲೋಟದಲ್ಲಿ ತರಬಹುದು.

ಕಣ್ಣು ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ಅಥವಾ ಕಡಿಮೆಯಾದರೆ, ಮಲ ಕಪ್ಪಾದರೆ, ಒಸಡಿನಲ್ಲಿ ರಕ್ತ ಬಂದರೆ, ಮೈಮೇಲೆ ದದ್ದು ಎದ್ದರೆ ಮೂಲಿಕೆಯನ್ನು ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೊರಡಿ. ಡಬ್ಬಿಯನ್ನು ಎಸೆಯಬೇಡಿ, ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಔಷಧದ ಅಡ್ಡ ಪರಿಣಾಮವನ್ನು ರೋಗಿಯ ಮನೆಯವರೂ ದಾಖಲಿಸಬಹುದು. ಅದಕ್ಕೆ ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024.

ನಮ್ಮ ಮನೆಯಲ್ಲಿ ಹಾಗಲಕಾಯಿ ಈಗ ಗೊಜ್ಜಾಗಿ ತಟ್ಟೆಗೆ ಬರುತ್ತದೆ, ಲೋಟಕ್ಕೆ ಬರುವುದಿಲ್ಲ. ಚೀಟಿ ಫ್ರಿಜ್ಜಿನ ಬಾಗಿಲಲ್ಲಿ ಅಂಟಿಕೊಂಡಿದೆ. ಹೋದ ವಾರ ಅದರಲ್ಲಿ ಹೊಸ ಸಾಲೊಂದು ಕಂಡಿತು, ಅತ್ತೆಯ ದುಂಡು ಅಕ್ಷರದಲ್ಲಿ: "ನೆಲ್ಲಿಕಾಯಿ ಪುಡಿ, 1 ಚಮಚ, ತಂಗಿ ಹೇಳಿದ್ದು. ಇನ್ನೂ ಶುರು ಮಾಡಿಲ್ಲ, ಕೇಳಬೇಕು."